ಮೂರನೆಯ ಚಿನಾರ್ ಮರದ ಕೆಳಗಿನ ಜಾಗ

೭ ಸೆಪ್ಟೆಂಬರ್, ಶನಿವಾರ, ಮಧ್ಯಾಹ್ನ

ಹೆಂಡತಿ ಒನೊರಿನ್‌ಗೆ ಬ್ರೆಡ್ಡನ್ನು ಕಾಫಿಯಲ್ಲಿ ನೆನೆಸಿ ತಿನ್ನಿಸಿ, ಅಂಜೂರದ ಜಾಮಿನ ಬಾಟಲಿಗಳನ್ನು ತಳ್ಳುಗಾಡಿಗೆ ಜೋಡಿಸಿ, ಏಳಕ್ಕೆ ಹತ್ತು ನಿಮಿಷವಿರುವಾಗಲೇ ಸಂತೆ ತಲುಪಿದೆ. ಅವಳಿಗೆ ಲಕ್ವ ಹೊಡೆದು ಐದು ವಾರ. ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಕಾರಂಜಿಯ ಪಕ್ಕ, ಮೂರನೆಯ ಚಿನಾರ್ ಮರದ ಕೆಳಗಿನ ಜಾಗ ಮೂವತ್ತೊಂದು ವರ್ಷಗಳಿಂದ ಅವಳದು. ಏಳು ಗಂಟೆಗೆ ಐದು ಶನಿವಾರ ಖಾಲಿ ಬಿದ್ದರೆ ಬೇರೆಯವರಿಗೆ; ಇಂದು ಐದನೆಯದು. ಹೆಂಡತಿ ಮರಳುವವಳಾದರೆ ಮಾತ್ರ ಅಲ್ಲಿಯವರೆಗೆ ಗಂಡ ನಿಲ್ಲಬಹುದು.

ಸಂತೆಯ ಮೇಲ್ವಿಚಾರಕ ಬಾರ್ತೆಜ್ ಶಾಲೆಯಲ್ಲಿ ನನ್ನ ಶಿಷ್ಯ. ಸುಳ್ಳು ಹೇಳಿದ್ದಕ್ಕೆ ಒಮ್ಮೆ ಇಡೀ ದಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ.

"ಅಮ್ಮನವರು ನವೆಂಬರ್ ಹೊತ್ತಿಗೆ ಬರ್ತಾರೆ ತಾನೇ? ಒಂದು ಹೂಂ ಅನ್ನಿ ಮೇಷ್ಟ್ರೇ, ಬರ್ಕೋತೀನಿ."

ಬರಲಾರಳೆಂದು ವೈದ್ಯರು ಹೇಳಿದ್ದಾರೆ, ಎಂದೆ. ಮತ್ತೊಮ್ಮೆ ಕೇಳಿದ. ಮತ್ತೊಮ್ಮೆ ಅದನ್ನೇ ಹೇಳಿದೆ. ರಿಜಿಸ್ಟರಿನಲ್ಲಿ ಗೀಟು ಎಳೆದ. ಹತ್ತು ನಿಮಿಷದಲ್ಲಿ ಆ ಮರದ ಕೆಳಗೆ ಮೊಬೈಲ್ ಕವರುಗಳು ತೂಗಾಡಿದವು.

ಮನೆಯಲ್ಲಿ ಅವಳ ಮೊದಲ ಪ್ರಶ್ನೆ: "ಜಾಗ ಇದೆ ತಾನೇ?"

ಇದೆ, ಎಂದೆ. ಇಷ್ಟು ಸಲೀಸಾಗಿ ಬಂದ ಮಾತು ಬೆಳಗ್ಗೆ ಎಲ್ಲಿ ಅಡಗಿತ್ತು?

೧೪ ಸೆಪ್ಟೆಂಬರ್, ಶನಿವಾರ

ಅವಳು ಕಿಟಕಿಯಿಂದ ನೋಡುತ್ತಾಳೆ. ಗಾಡಿಯನ್ನು ಸಂತೆಯತ್ತ ತಿರುಗಿಸಿ, ಮೂಲೆ ದಾಟಿದೊಡನೆ ಹೊಳೆಯ ದಾರಿಗಿಳಿದೆ. ಬಟ್ಟೆ ಒಗೆಯುವ ಹಳೆಯ ಕೊಳದ ಬಳಿ ಮಧ್ಯಾಹ್ನದವರೆಗೆ ಕುಳಿತೆ. ಬಾಟಲಿಗಳನ್ನು ಕಲ್ಲುಚಪ್ಪಡಿಯ ಹಿಂದೆ ಬಚ್ಚಿಟ್ಟೆ.

ಯಾರು ಬಂದರು, ಏನೆಂದರು — ಅವಳಿಗೆ ಎಲ್ಲವೂ ಬೇಕು. ನನಗೆ ಯಾರೂ ಗೊತ್ತಿಲ್ಲ. ಮೇಷ್ಟರ ಹೆಂಡತಿ ಸಂತೆಯಲ್ಲಿ ಕೂಗುತ್ತಾಳೆಂಬ ನಾಚಿಕೆಗೆ ಅತ್ತ ತಲೆ ಹಾಕಿದವನಲ್ಲ. ಊಟದ ಹೊತ್ತಿನ ಅವಳ ಮಾತುಗಳಿಂದ ನೆನಪುಳಿದದ್ದು ಒಂದೇ ಹೆಸರು. ಫೆರೆಯೋಲ್ ಅಮ್ಮ ಎರಡು ಬಾಟಲಿ ಕೊಂಡರು, ಮಂಡಿನೋವೆಂದರು, ಎಂದೆ. ಒನೊರಿನ್ ತುಸು ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಸೂಪನ್ನು ತಳದವರೆಗೆ ಕುಡಿದಳು.

ಶನಿವಾರದ ನಿರೀಕ್ಷೆಯೇ ಅವಳನ್ನು ಹಿಡಿದಿಟ್ಟಿದೆ, ಅದನ್ನು ಕಳೆಯಬೇಡಿ — ವೈದ್ಯರ ಮಾತು.

೨೧ ಸೆಪ್ಟೆಂಬರ್

ಬಾರ್ತೆಜ್‌ನ ಮುಂದೆ ಟೋಪಿ ತೆಗೆದು ನಿಂತೆ. ಜಾಗ ಮರಳಿ ಬೇಡಿದೆ.

"ಪುರಸಭೆ ಮುದ್ರೆ ಬಿದ್ದಾಯ್ತು. ಅವತ್ತು ಒಂದೇ ಒಂದು ಸುಳ್ಳು ಕೇಳಿದ್ದೆ ಮೇಷ್ಟ್ರೇ."

ಮನೆಯಲ್ಲಿ ಮತ್ತೆ ಫೆರೆಯೋಲ್ ಅಮ್ಮನ ಕಥೆ. ಮಕ್ಕಳ ಪ್ರಬಂಧದಲ್ಲಿ ಇಂಥ ಕಲ್ಪನೆ ಕಂಡಿದ್ದರೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ.

೫ ಅಕ್ಟೋಬರ್, ಶನಿವಾರ, ಸಂಜೆ

ಹೊಸ ಹೆಸರುಗಳು ಬೇಕಾಗಿ ಸಂತೆಗೇ ಹೋದೆ. ಆಲಿವ್ ಮಾರುವ ಸಿಡೋನಿ ಅವಳ ಪಕ್ಕದ ಜಾಗದವಳು. ಮೂವತ್ತೊಂದು ವರ್ಷಕ್ಕೆ ದಾರಿ ಸಿಕ್ಕಿತಾ, ಎಂದು ಚುಚ್ಚಿದಳು. ಫೆರೆಯೋಲ್ ಅಮ್ಮನನ್ನು ವಿಚಾರಿಸಿದೆ. ಅವಳ ಕೈಯಲ್ಲಿದ್ದ ಸೌಟು ನಿಂತಿತು.

"ಫೆಬ್ರವರೀಲೇ ಮಣ್ಣು ಮಾಡಿದ್ವಲ್ಲ ಮೇಷ್ಟ್ರೇ. ಒನೊರಿನ್ನೇ ಹೂ ಹಿಡ್ಕೊಂಡು ಮುಂದೆ ನಡೆದಿದ್ದು."

ಕಾರಂಜಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮೂರು ಶನಿವಾರ ಸತ್ತವಳಿಗೆ ಜಾಮು ಮಾರಿದ್ದೇನೆ. ಒನೊರಿನ್ ಎಲ್ಲ ತಿಳಿದೇ ಕೇಳಿಸಿಕೊಂಡಿದ್ದಾಳೆ. ಕಳೆದ ವಾರ ಮಂಡಿ ಹೇಗಿದೆಯಂತೆ ಎಂದೂ ವಿಚಾರಿಸಿದ್ದಳು.

೧೧ ಅಕ್ಟೋಬರ್, ಶುಕ್ರವಾರ

ಒನೊರಿನ್ ಎರಡು ದಿನದಿಂದ ಏನೂ ತಿಂದಿಲ್ಲ. ಚಮಚವನ್ನು ಬಲಗೈಯಿಂದ ತಳ್ಳುತ್ತಾಳೆ. ಮಾತಾಡಿದ್ದು ಈಗ.

"ನಾಳೆ ನಾನೂ ಬರ್ತೀನಿ. ಗಾಡೀಲಿ ಕೂರಿಸ್ಕೊಂಡು ಹೋಗಿ."

ಚಳಿಗಾಳಿ ಎದ್ದಿದೆ, ಈ ಸ್ಥಿತಿಯಲ್ಲಿ ಬೇಡವೆಂದೆ.

"ಫೆರೆಯೋಲ್ ಬರ್ತಾಳಲ್ಲ, ಆ ಸ್ಥಿತೀಲಿ. ನಾನು ಬರಬಾರದಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಸತ್ತವಳ ವಿಷಯದ ನನ್ನ ಸುಳ್ಳು ಅವಳಿಗೆ ತಿಳಿದಿದೆ. ಜಾಗದ ವಿಷಯ? ಕೇಳುವ ಧೈರ್ಯ ಬರಲಿಲ್ಲ.

೧೨ ಅಕ್ಟೋಬರ್, ಶನಿವಾರ, ಬೆಳಗ್ಗೆ ಆರೂಕಾಲು

ನಾನು ಏಳುವ ಮುನ್ನವೇ ಎದ್ದು ಕುಳಿತಿದ್ದಳು. ನೀಲಿ ಏಪ್ರನ್ನಿನ ದಾರವನ್ನು ಒಂದು ಕೈ, ಹಲ್ಲುಗಳಿಂದ ಬಿಗಿದಿದ್ದಾಳೆ. ಗಂಟು ಸರಿಯಾಗಿದೆ. ಗಾಡಿಗೆ ರಜಾಯಿ ಹಾಸಿದೆ. ಮಾರಲು ಒಂದು ಬಾಟಲಿಯೂ ಇಲ್ಲ, ಎಲ್ಲ ಕೊಳದ ಚಪ್ಪಡಿಯ ಹಿಂದಿವೆ. ಅವಳು ಕೇಳಲೂ ಇಲ್ಲ.

ಮೂಲೆಯವರೆಗೆ ನೂರಿಪ್ಪತ್ತು ಹೆಜ್ಜೆ. ಅದರಾಚೆ ಚೌಕ, ಚಿನಾರ್ ಮರ, ಮೊಬೈಲ್ ಕವರುಗಳು. ಅಷ್ಟರೊಳಗೆ ಹೇಳಿಬಿಡಬೇಕು. ನಲವತ್ತು ವರ್ಷ ಮಕ್ಕಳ ಬಾಯಿಂದ ಹೊರಡಿಸಿದ್ದು ಇದನ್ನೇ, ನಿಜವನ್ನೇ.

ಕರೆಯುತ್ತಿದ್ದಾಳೆ. "ಮೇಷ್ಟ್ರೇ, ಏಳಾದ್ರೆ ಜಾಗ ಹೋಗುತ್ತೆ."

ತಿಳಿದಿಲ್ಲ ಅವಳಿಗೆ. ದೇವರೇ, ಇನ್ನೂ ತಿಳಿದೇ ಇಲ್ಲ. ಬಾಗಿಲ ಬಳಿಯೇ ಅವಳ ಕೈ ಹಿಡಿದು, ಮೊದಲು ಜಾಗದ ನಿಜವನ್ನೇ ಹೇಳುತ್ತೇನೆ.