ಕೊಪ್ಪರಿಗೆಯ ಕಲಾಯಿ

ಸರಸ್ವತಿಪುರಂ, ಮೈಸೂರು
೧೪-೩-೨೦೨೪, ಗುರುವಾರ

ಚಿ. ಸೌ. ಲಹರಿಗೆ, ಅಪ್ಪಾಜಿಯ ಆಶೀರ್ವಾದ.

ಶಿವರಾತ್ರಿಗೆ ಮೊದಲೇ ಬರೆಯಲು ಕುಳಿತವನು ಇವತ್ತು ಮುಗಿಸುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯೆ. ಮೂರು ಸಲ ಮಾಡಿದೆ ಮಗಳೇ. ನೀನು "ಏನಪ್ಪಾಜಿ" ಎಂದ ಕೂಡಲೇ ಚಿತ್ರದುರ್ಗದ ಬಿಸಿಲು, ನಿನ್ನ ಶಾಲೆಯ ಪರೀಕ್ಷೆ, ಮೊಮ್ಮಗಳು ಸಿಂಚನಳ ಚಪ್ಪಲಿ ಅಳತೆ ಎಂದು ಏನೇನೋ ಕೇಳಿ ಇಟ್ಟುಬಿಟ್ಟೆ. ಕಾಗದ ಹೇಗೆ ಶುರುಮಾಡಬೇಕೆಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಉರು ಹೊಡೆಸಿದ್ದರು: "ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್..." ದಟ್ ಆದಮೇಲೆ ಏನು ಬರೆಯುವುದೆಂದು ಹೇಳಿಕೊಟ್ಟಿರಲಿಲ್ಲ. ಅಥವಾ ಕೊಟ್ಟಿದ್ದರೋ ಏನೋ, ನನಗೆ ನೆನಪಿಲ್ಲ.

ಸುದ್ದಿ ಹೇಳುತ್ತೇನೆ. ನಮ್ಮ ವೈನರಿಯ ಆಹಾರ ಸುರಕ್ಷತೆ ಪರವಾನಗಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ನವೀಕರಣವಾಗದಿದ್ದರೆ ಒಂದು ಬಾಟಲಿಯೂ ಶೆಡ್ಡಿನಿಂದ ಆಚೆ ಹೋಗುವಂತಿಲ್ಲ. ಓಡಾಟವೆಲ್ಲ ನಿನ್ನ ಅತ್ತಿಗೆ ಶಿಲ್ಪಶ್ರೀಯದೇ. ಗೋಡೆಗೆ ಬಿಳಿ ಟೈಲ್ಸ್ ಹಾಕಿಸಿದಳು, ನೀರು ಪರೀಕ್ಷೆಗೆ ಕಳಿಸಿದಳು, ಮೂಲೆ ಮೂಲೆಗೆ ಇಲಿ ಬೋನು ಇಟ್ಟಳು, ನಮ್ಮೆಲ್ಲರ ತಲೆಗೆ ಬಲೆಯ ಟೋಪಿ ತೊಡಿಸಿದಳು. ನಿನ್ನ ಸೋದರತ್ತೆ ಪುಟ್ಟಬಸಮ್ಮ ನನ್ನನ್ನು ನೋಡಿ, "ಕೊರಳಲ್ಲಿ ಲಿಂಗ, ತಲೆ ಮ್ಯಾಲೆ ಟೋಪಿ, ಕೈಯಾಗೆ ಹೆಂಡ. ಭೇಷ್ ಕಣೋ ಮೃತ್ಯುಂಜಯ!" ಎಂದಳು. ಇಪ್ಪತ್ತು ವರ್ಷದಿಂದ ಅವಳದು ಅದೇ ಹಾಡು. ನಾನು ಪ್ರತಿ ಸಲವೂ ನಗುತ್ತಿದ್ದೆ. ಈ ಸಲ ಆಗಲಿಲ್ಲ.

ಯಾಕೆಂದರೆ ಆ ಹೊತ್ತಿಗೆ ವರದಿ ಬಂದಿತ್ತು. ಅಧಿಕಾರಿ ಬರುವ ಮೊದಲು ನಾವೇ ಒಂದು ಸಲ ನೋಡಿಬಿಡೋಣ ಎಂದು ಶಿಲ್ಪ ಎರಡು ಬಾಟಲಿಗಳನ್ನು ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿದ್ದಳು. ಒಂದು, ಪಾಕ ಬೆರೆಸದ ಮೂರನೇ ಟ್ಯಾಂಕಿನದು. ಇನ್ನೊಂದು, ಬೆರೆಸಿದ್ದು. ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಪ್ರತಿ ಸುಗ್ಗಿಯ ಮೊದಲ ದ್ರಾಕ್ಷಿ ರಸವನ್ನು ನನ್ನ ತಾಯಿಯ ಹಿತ್ತಾಳೆ ಕೊಪ್ಪರಿಗೆಯಲ್ಲಿ ಅರ್ಧಕ್ಕಿಳಿಯುವ ತನಕ ಕಾಯಿಸಿ, ಮೂರು ದಿನ ಅದರಲ್ಲೇ ಬಿಟ್ಟು, ಆ ಪಾಕವನ್ನು ಟ್ಯಾಂಕುಗಳಿಗೆ ಬೆರೆಸುವುದು. ಬೇರೆ ಯಾರ ವೈನಿಗೂ ಇಲ್ಲದ ಸಿಹಿ ನಮ್ಮದಕ್ಕೆ ಬರುತ್ತಿದ್ದುದು ಅದರಿಂದಲೇ. ಮೂರನೇ ಟ್ಯಾಂಕು ಶುದ್ಧವಾಗಿತ್ತು. ಪಾಕ ಬೆರೆತದ್ದರಲ್ಲಿ ಸೀಸ ಸಿಕ್ಕಿತು, ಮಿತಿಯ ಹನ್ನೆರಡು ಪಟ್ಟು.

ಶಿಲ್ಪ ವರದಿಯನ್ನು ನನ್ನ ತಿಂಡಿ ತಟ್ಟೆಯ ಪಕ್ಕ ಇಟ್ಟು, "ಮಾವ, ಕೊಪ್ಪರಿಗೆಗೆ ಕಲಾಯಿ ಹಾಕಿದ್ದು ಯಾರು?" ಎಂದಳು.

ನಾನೇ. ಲಷ್ಕರ್ ಮೊಹಲ್ಲಾದಲ್ಲಿ ವರ್ಷ ವರ್ಷವೂ ಒಳಗೆ ತವರ ಬಳಿದು ಕಲಾಯಿ ಹಾಕಿಕೊಡುತ್ತಿದ್ದ ಸಾಬರು ಕೊರೊನಾ ವರ್ಷ ಕುಲುಮೆ ಮುಚ್ಚಿದರು. ಬಿ.ಎಸ್ಸಿ. ಓದಿದವನಿಗೆ ಕಲಾಯಿ ಏನು ಮಹಾ ಎಂಬ ಜಂಬ ನನಗೆ. ಅಂಗಡಿಯವರು, "ತವರ ಕೊಡ್ಲಾ ಸಾರ್, ಬೆಸುಗೆ ಕಡ್ಡಿ ಕೊಡ್ಲಾ?" ಎಂದು ಕೇಳಿಯೂ ಕೇಳಿದರು. ಬೆಸುಗೆ ಕಡ್ಡಿ ಬೇಗ ಕರಗುತ್ತದೆಂದು ಅದನ್ನೇ ತಂದೆ. ಅಂದಿನಿಂದ ಪ್ರತಿ ವರ್ಷವೂ ಅದೇ. ಹೊಳಪು ಬಂತು ನೋಡು, ಮುಖ ಕಾಣುವಷ್ಟು! ಆ ಕಡ್ಡಿಯಲ್ಲಿ ಹೆಚ್ಚುಕಡಿಮೆ ಅರ್ಧ ಸೀಸ. ಹುಳಿಯ ಜೊತೆ ಸೇರಿದರೆ ಸೀಸ ಏನಾಗುತ್ತದೆಂದು ಕೆಮಿಸ್ಟ್ರಿಯಲ್ಲಿ ಬಾಯಿಪಾಠ ಮಾಡಿದ್ದೆ: "ಶುಗರ್ ಆಫ್ ಲೆಡ್, ಕಲರ್‌ಲೆಸ್, ಸ್ವೀಟ್ ಇನ್ ಟೇಸ್ಟ್, ಪಾಯಿಸನಸ್." ಅಂಕಕ್ಕಾಗಿ ಓದಿದ್ದು. ಆ ವರ್ಷದಿಂದ ಸಿಹಿ ಇನ್ನೂ ಹೆಚ್ಚಿದೆ ಎಂದು ಗಿರಾಕಿಗಳು ಹೊಗಳಿದಾಗ ನಾನು ದ್ರಾಕ್ಷಿಯನ್ನು ಹೊಗಳಿದೆ.

ನನ್ನ ವಾಕಿಂಗ್ ಗೆಳೆಯ ವಿಶ್ವನಾಥ್ ತಿಂಗಳಿಗೆ ಆರು ಬಾಟಲಿ ಒಯ್ಯುವವರು. ಮೊನ್ನೆ ಹೋಟೆಲಿನಲ್ಲಿ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದರು. "ಕೈಗೆ ಶಕ್ತಿನೇ ಇಲ್ಲ ಕಣ್ರೀ, ವಯಸ್ಸಾಯ್ತು" ಎಂದರು. ನನಗಿಂತ ನಾಲ್ಕು ವರ್ಷ ಚಿಕ್ಕವರು. ನಾನು ಹೌದು ಹೌದು ಎಂದು ರಸ್ತೆಯ ಕಡೆ ನೋಡಿದೆ.

ಮನೆಯಲ್ಲಿ ಒಂದು ವಾರ ಇದೇ ಮಾತು. ನಿನ್ನ ಅಣ್ಣ ಶಿವಕಿರಣ, "ಹೇಳ್ಬುಟ್ರೆ ಶೆಡ್‌ಗೆ ಬೀಗ ಅಪ್ಪಾಜಿ. ಮೂರನೇ ಟ್ಯಾಂಕಿಂದೇ ಸ್ಯಾಂಪಲ್ ಕೊಟ್ಬುಡಣ. ಇನ್ಮೇಲೆ ಕೊಪ್ಪರಿಗೆ ಮುಟ್ಟದೇ ಬ್ಯಾಡ" ಎಂದ.

"ಬೀಗ ಬಿದ್ರೆ ತೆಗೀಬೋದು ಕಣ್ರೀ," ಎಂದಳು ಶಿಲ್ಪ, "ಕುಡಿದೋರ ಹೊಟ್ಟೇಲಿರೋದನ್ನ ತೆಗಿಯೋರ್ಯಾರು?"

ಯುಗಾದಿ ಮರುದಿನದ ಹೊಸತೊಡಕಿಗೆಂದು ಪಾಕದ ವೈನು ನಾನೂರು ಬಾಟಲಿ ಆಗಲೇ ಅಂಗಡಿಗಳಿಗೆ ಹೋಗಿದೆ.

ನಿನ್ನೆ ಅಧಿಕಾರಿ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ನಿನ್ನ ಹಾಗೆಯೇ ಮಾತಿಗೊಮ್ಮೆ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಎಲ್ಲವನ್ನೂ ನೋಡಿ, ಕೊನೆಗೆ ನನ್ನ ಕಡೆ ತಿರುಗಿ, "ಯಜಮಾನ್ರೇ, ಹಿತ್ತಾಳೆ ಗಿತ್ತಾಳೆ ಹಳೇ ಪಾತ್ರೆ ಏನಾದ್ರೂ ಬಳಸ್ತೀರಾ?" ಎಂದು ಕೇಳಿದರು. ಕೊಪ್ಪರಿಗೆ ಹಿಂದಿನ ಕೋಣೆಯಲ್ಲಿ ಗೋಣಿತಾಟು ಹೊದ್ದು ಕುಳಿತಿತ್ತು. ಶಿವಕಿರಣ ನನ್ನ ಬಾಯನ್ನೇ ನೋಡುತ್ತಿದ್ದ. ಶಿಲ್ಪ ನೆಲ ನೋಡುತ್ತಿದ್ದಳು.

"ಇಲ್ಲ ಮೇಡಂ. ಎಲ್ಲಾ ಸ್ಟೀಲು" ಎಂದೆ.

ಮೂರನೇ ಟ್ಯಾಂಕಿನ ನಲ್ಲಿಯನ್ನು ನಾನೇ ತಿರುಗಿಸಿದೆ. ಅವರು ಬಾಟಲಿ ತುಂಬಿಸಿ, ಅರಗಿನ ಮುದ್ರೆ ಒತ್ತಿ, ಕಾಗದ ಮುಂದಿಟ್ಟರು. "ಟ್ರೂ ಟು ದಿ ಬೆಸ್ಟ್ ಆಫ್ ಮೈ ನಾಲೆಜ್ ಅಂಡ್ ಬಿಲೀಫ್." ಈ ಇಂಗ್ಲಿಷ್ ಮಾತ್ರ ಪೂರ್ತಿ ಅರ್ಥವಾಯಿತು. ಸಹಿ ಹಾಕಿದೆ. "ಎಷ್ಟು ನೀಟಾಗಿಟ್ಟಿದೀರ" ಎಂದು ಹೇಳಿ ಹೋದರು.

ಜೀಪು ತಿರುಗುವ ತನಕ ಕಾದು ಶಿಲ್ಪ ಟೋಪಿ ತೆಗೆದಳು. "ಮಾವ, ಇನ್ಮೇಲೆ ಈ ಕೈಯಲ್ಲಿ ನಾನು ಲೇಬಲ್ ಅಂಟ್ಸಲ್ಲ" ಎಂದಳು. ಸಿಟ್ಟಿನಿಂದಲ್ಲ. ಹಾಲು ಮುಗಿದಿದೆ ಎನ್ನುವ ಹಾಗೆ ಹೇಳಿದಳು. ಅದಕ್ಕೇ ನನಗೆ ಹೆದರಿಕೆಯಾಯಿತು.

ನಾಳೆ ಹತ್ತೂವರೆಗೆ ಅವರ ಕಚೇರಿ ತೆರೆಯುತ್ತದೆ. ಕೊಪ್ಪರಿಗೆಯನ್ನು ಆಟೋದಲ್ಲಿ ಹಾಕಿಕೊಂಡು, ಶಿಲ್ಪ ತರಿಸಿದ ವರದಿ ಹಿಡಿದು ಹೋಗುತ್ತೇನೆ. ಸುಳ್ಳು ಸಹಿ ಹಾಕಿದವನು ನಾನು, ನನ್ನ ಮಗನೂ ಸೊಸೆಯೂ ಅಲ್ಲ ಎಂದು ಬರೆದುಕೊಡುತ್ತೇನೆ. ನಾನೂರು ಬಾಟಲಿಯೂ ವಾಪಸು ಬರಬೇಕು. ಪರವಾನಗಿ ಹೋಗುತ್ತದೆ, ಕೇಸೂ ಆಗಬಹುದು. ಶಿವಕಿರಣನಿಗೆ ಇನ್ನೂ ಹೇಳಿಲ್ಲ. ಅಲ್ಲಿಂದ ನೇರ ವಿಶ್ವನಾಥರ ಮನೆಗೆ ಹೋಗಬೇಕು. ಅವರ ಮುಂದೆ ಏನು ಹೇಳುವುದೆಂದು ಇನ್ನೂ ತೋಚಿಲ್ಲ.

ಇನ್ನು ನಿನ್ನ ವಿಷಯ. ನಿನ್ನಲ್ಲಿರುವ ಪಾಕದ ಬಾಟಲಿಗೆ ಬೂಷ್ಟು ಬಂದಿರಬಹುದು, ಚೆಲ್ಲಿಬಿಡು ಎಂದು ಶಿಲ್ಪ ಹೋದ ವಾರ ಫೋನ್ ಮಾಡಿದ್ದಳಲ್ಲ, ನಾನೇ ಹೇಳಿಸಿದ್ದು. ಬೂಷ್ಟೂ ಇಲ್ಲ, ಏನೂ ಇಲ್ಲ. ನಿನ್ನ ಬಾಣಂತನದಲ್ಲಿ ದಿನಕ್ಕೆರಡು ಚಮಚ ಕೊಟ್ಟದ್ದು ಬೆಸುಗೆ ಕಡ್ಡಿ ಹಾಕಿದಮೇಲಿನ ಅದೇ ಪಾಕ. ನೀನೂ ಸಿಂಚನಳೂ ಸೋಮವಾರವೇ ದೊಡ್ಡಾಸ್ಪತ್ರೆಗೆ ಹೋಗಿ, ರಕ್ತದಲ್ಲಿ ಸೀಸ ಇದೆಯೇ ನೋಡಿ ಎಂದು ಬಾಯಿಬಿಟ್ಟು ಕೇಳಿ ಪರೀಕ್ಷೆ ಮಾಡಿಸಿ. ನಾಚಿಕೆಪಡಬೇಡ. ಯಾಕೆ ಎಂದು ಡಾಕ್ಟರು ಕೇಳಿದರೆ ನನ್ನ ಹೆಸರು ಹೇಳು.

ನೀನು, ಅಳಿಯಂದಿರು, ಮಗು ಮೂವರೂ ತಣ್ಣಗಿರಿ. ನನ್ನ ಪಾಲಿನ ಆಯಸ್ಸೇನಾದರೂ ಉಳಿದಿದ್ದರೆ ಮಾದಪ್ಪ ಅದನ್ನು ಆ ಕೂಸಿಗೆ ಸೇರಿಸಲಿ.

ನಿನ್ನ ಅಪ್ಪಾಜಿ,
ಮೃತ್ಯುಂಜಯ

ಮತ್ತೊಂದು ಮಾತು: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನ ಅಮ್ಮನಿಗೆ ಕೊನೆಯ ವರ್ಷ ರಕ್ತ ಕಡಿಮೆ ಎಂದು ಡಾಕ್ಟರು ಹೇಳಿದ್ದು, ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದುದು, ಬಟ್ಟೆ ಹಿಂಡಲಾಗದೆ ಮಣಿಕಟ್ಟು ಜೋತುಬಿದ್ದದ್ದು ನಿನಗೆ ಗೊತ್ತು. ರಕ್ತಕ್ಕೆ ಒಳ್ಳೆಯದೆಂದು ಅವಳಿಗೆ ಮೂರು ಹೊತ್ತೂ ಅದೇ ಪಾಕ ಕುಡಿಸಿದವನು ನಾನು. "ಬ್ಯಾಡ ಕಣ್ರೀ, ಬಾಯಲ್ಲಿ ನಾಕಾಣೆ ಇಟ್ಕೊಂಡಂಗದೆ" ಎಂದು ಗಿರಿಜಾಂಬಾ ಮುಖ ತಿರುಗಿಸುತ್ತಿದ್ದಳು. ನಾನು ಗದರಿ, ಗಲ್ಲ ಹಿಡಿದು ಹೊಯ್ಯುತ್ತಿದ್ದೆ. ಅಮ್ಮ ಸರಿಯಾಗಿ ತಗೋತಾರಾ ಎಂದು ನೀನು ಫೋನಿನಲ್ಲಿ ಕೇಳುತ್ತಿದ್ದೆ. ನಾನು, ಒಂದು ಹೊತ್ತೂ ತಪ್ಪಿಸಿಲ್ಲ ಎನ್ನುತ್ತಿದ್ದೆ. ನಿಜ ಲಹರಿ, ಒಂದು ಹೊತ್ತೂ ತಪ್ಪಿಸಲಿಲ್ಲ.