ಹದಿನೇಳನೇ ನೀಲಗಿರಿ ಮರ

ಶಾಲಿನಿ ಮೇಡಂ ಅವರಿಗೆ ಮಲ್ಲಂದೂರಿನ ತಿಮ್ಮಪ್ಪಗೌಡನ ನಮಸ್ಕಾರ.

ಹಾಗಾದರೆ ಅದು ಬೆಳವಣಿಗೆಯೇ ಅಲ್ಲ ಅಂದಿರಲ್ಲ ನಿನ್ನೆ ಫೋನಿನಲ್ಲಿ, ಆಗಿನಿಂದ ಹಳೆಯ ಅಳತೆಗಳನ್ನೇ ತಿರುಗಿಸಿ ನೋಡುತ್ತಿದ್ದೇನೆ. ನಿಮ್ಮ ಸಂಶೋಧನೆಗೆಂದು ಎರಡು ವರ್ಷ ನನ್ನ ನೀಲಗಿರಿ ಮರಗಳ ಬುಡಕ್ಕೆ ಟೇಪು ಸುತ್ತಿ ಅಳತೆ ಕಳಿಸಿದವನು ನಾನು. ಹದಿನೇಳನೇ ಮರದ ಬುಡ ದಪ್ಪವಾದಾಗಲೆಲ್ಲ ‘ವೆರಿ ಗುಡ್ ಗ್ರೋತ್’ ಎಂದು ಬರೆದೆ. ಕಾಲೇಜಿನ ಬಾಟನಿಯಲ್ಲಿ ‘ಗರ್ತ್ ಈಸ್ ಹೆಲ್ತ್’, ಸುತ್ತಳತೆಯೇ ಆರೋಗ್ಯ, ಅಂತಲೋ ಏನೋ ಓದಿದ ನೆನಪು. ಅದು ರೋಗದ ಬಾವು ಎಂದು ಹೊಳೆಯಲೇ ಇಲ್ಲ.

ಇವತ್ತು ನಮ್ಮ ಆಳು ನಿಂಗಯ್ಯ ಕತ್ತಿಯ ಹಿಂಬದಿಯಿಂದ ಅದನ್ನು ಬಡಿದು ನೋಡಿದ. “ಒಳಗೆ ಪೊಳ್ಳು ಗೌಡ್ರೇ. ನಮ್ಮನೆ ಕಡೆಗೇ ವಾಲಿದೆ” ಅಂದ. ಕಡಿಯೋ ಎಂದರೆ, “ನಂಬರ್ ಹಾಕಿದ್ ಮರ ಮುಟ್ಟಿದ್ರೆ ಕಾಲು ಮುರೀತೀನಿ ಅಂದೋರು ನೀವೇ ಅಲ್ವಾ? ಮೇಡಂನ ಕೇಳಿ” ಎಂದು ನಕ್ಕ. ನನಗೆ ನಗು ಬರಲಿಲ್ಲ.

ನನ್ನ ಹೆಂಡತಿ ವಿಮಲಳ ಕಾಲು ಊದಿಕೊಂಡಾಗಲೂ “ಅಂತೂ ಮೈ ತುಂಬಿಕೊಂಡ್ಯಲ್ಲ ಮಾರಾಯ್ತಿ” ಎಂದು ಖುಷಿಪಟ್ಟವನು ನಾನು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿತ್ತು, ಅವಳು ಉಳಿಯಲಿಲ್ಲ. ಇರಲಿ, ಅದನ್ನೇಕೆ ನಿಮಗೆ ಬರೆಯುತ್ತಿದ್ದೇನೋ.

ನಾಳೆ ಬೆಳಿಗ್ಗೆ ಮರ ಕಡಿಸುತ್ತೇನೆ, ನಿಮ್ಮ ಒಪ್ಪಿಗೆಗೆ ಕಾಯಲಾರೆ, ಕ್ಷಮಿಸಿ. ತೊಗಟೆಯ ತುಂಡನ್ನು ಇದರ ಜೊತೆ ಇಟ್ಟಿದ್ದೇನೆ. ಉಳಿದ ಮರಗಳ ಬಗ್ಗೆ ನಾನು ಬರೆದ ‘ಗುಡ್’ಗಳನ್ನು ನಂಬಬೇಡಿ, ನೀವೇ ಬಂದು ನೋಡಿ.

ಇವತ್ತಿನ ಮಟ್ಟಿಗೆ ನಮ್ಮ ಜಗಲಿಗೆ ಬಂದು ಮಲಗಿ ಎಂದು ನಿಂಗಯ್ಯನ ಮನೆಯವರಿಗೆ ಎರಡು ಸಲ ಹೇಳಿಕಳಿಸಿದೆ. ಇನ್ನೂ ಬಂದಿಲ್ಲ. ಅಯ್ಯೋ, ಅಕ್ಷರ ಕಾಣುತ್ತಿಲ್ಲ, ಬೆಳಕು ಹೋಗುತ್ತಿದೆ. ಗಾಳಿಯೂ ಎದ್ದಿದೆ. ನಾನೇ ಹೋಗಿ ಕರೆದುಕೊಂಡು ಬರುತ್ತೇನೆ.

ಇತಿ,
ತಿಮ್ಮಪ್ಪಗೌಡ