ಬೀಳಗಿಯ ಏರಿನಲ್ಲಿ ಕುದ್ದ ನೀರು

ಬನಹಟ್ಟಿ
ತಾ. ೩ ನವೆಂಬರ್ ೧೯೫೪, ಬುಧವಾರ

ನನ್ನ ಮುದ್ದಿನ ಗುರವ್ವಾ,

ಹೇಗಿದ್ದೀಯವ್ವಾ? ಕಾಲು ಬಾತುಕೊಂಡಿವೆ ಎಂದು ಬರೆದಿದ್ದೆ, ಈಗ ಇಳಿದಿವೆಯೆ? ಸಂಜೆ ಹೊತ್ತು ಕಾಲು ಇಳಿಬಿಟ್ಟು ಕೂರಬೇಡ, ದಿಂಬಿನ ಮೇಲೆ ಚಾಚಿಕೊಂಡು ಕೂರು. ಹುಣಸೆಕಾಯಿ ತಿನ್ನಬೇಕೆನಿಸಿದರೆ ತಿನ್ನು, ಆದರೆ ನಿನ್ನ ಹಳೇ ಚಾಳಿಯಂತೆ ಒಲೆಯ ಮಣ್ಣು ಕೆರೆದು ತಿಂದೀಯೆ, ಜೋಕೆ. ನೀನು ತಿಂದರೆ ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ಅಳಿಯಂದಿರು ಮುರಗೆಪ್ಪನವರು, ನಿನ್ನ ಮಾವ ಶಿವಯೋಗೆಪ್ಪನವರು, ಅತ್ತೆಯವರು ಎಲ್ಲರೂ ಆರೋಗ್ಯವಾಗಿದ್ದಾರೆಂದು ತಿಳಿದಿದ್ದೇನೆ. ನಾವೂ ಇಲ್ಲಿ ನೆಟ್ಟಗಿದ್ದೇವೆ. ದೀಪಾವಳಿ ಮುಗಿದು ಮಗ್ಗಗಳು ಮತ್ತೆ ಶುರುವಾಗಿವೆ. ಲಾಳಿಯ ಸಪ್ಪಳದ ನಡುವೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಡೊಂಕಾದರೆ ನಗಬೇಡ.

ನಿನ್ನ ಕಾಗದ ಬಂದು ಮುಟ್ಟಿತು. "ಅವ್ವಾ, ನಿಮಗ ನಾ ಬ್ಯಾಡಾದ್ನೇನು?" ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ದಿನ ನಾನು ರೊಟ್ಟಿಯ ತಟ್ಟೆ ಹಾಗೇ ಬಿಟ್ಟು ಎದ್ದೆ. ನಿನ್ನ ಸಿಟ್ಟಿನಲ್ಲಿ ತಪ್ಪಿಲ್ಲ. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು. ಎರಡು ಸಲ ಬರುತ್ತೇವೆಂದು ಹೇಳಿ ಕಳಿಸಿದೆವು, ಎರಡು ಸಲವೂ ನೀನು ಹೊಸ ಸೀರೆ ಉಟ್ಟು ಬಾಗಿಲಲ್ಲಿ ಕೂತು ದಾರಿ ನೋಡಿದೆ, ನಾವು ಬರಲಿಲ್ಲ. ಮೋಟಾರು ಇರೋದು ಬರೀ ತೋರಿಸಲಿಕ್ಕೇನು ಎಂದು ನಿನ್ನ ಅತ್ತೆಯವರು ಅಂದರಂತೆ. ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ನಾಲ್ಕು ಮಾತು ಹೆಚ್ಚೇ ಅನ್ನುತ್ತಿದ್ದೆ. ಈ ಅಮಾವಾಸ್ಯೆ ಬಂದರೆ ನಿನಗೆ ಎಂಟನೆಯ ತಿಂಗಳು ಬೀಳುತ್ತದೆ. ಎಂಟರಲ್ಲಿ ಬಸುರಿಯನ್ನು ಹೊಸ್ತಿಲು ದಾಟಿಸುವ ಪದ್ಧತಿ ನಿಮ್ಮಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಒಂಬತ್ತರಲ್ಲಿ ಆ ರಸ್ತೆಯನ್ನು ನಾನು ನಂಬುವುದಿಲ್ಲ. ಬಂದರೆ ಈಗಲೇ ಬರಬೇಕು. ನೀನು ನೋಡಿದರೆ "ಇಲ್ಲೇ ಹಡೀತೇನಿ, ನೀವು ತ್ರಾಸ ತಗೋಬ್ಯಾಡ್ರಿ" ಎಂದು ಹಟ ಹಿಡಿದಿದ್ದೀಯ. ಆ ಹಟ ಗಟ್ಟಿಯಾಗುವ ಮೊದಲು ನಾನು ಹೇಳುವುದನ್ನು ಪೂರ್ತಿ ಕೇಳು.

ಮೊದಲ ಸಲ ದಸರೆ ಮುಗಿದ ವಾರ ಹೊರಟೆವು. ನಿನ್ನ ಕುಬಸದ ಶಾಸ್ತ್ರಕ್ಕೆ ಹಸಿರು ಸೀರೆ, ಹಸಿರು ಬಳೆ, ಉಂಡಿಗಳ ಬುಟ್ಟಿ ಎಲ್ಲ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ನಾನು ಪಟ್ಟದರಾಣಿಯಂತೆ ಕೂತಿದ್ದೆ. ಜಮಖಂಡಿ ದಾಟುವವರೆಗೆ ಮೋಟಾರು ಸುಮ್ಮನೆ ಓಡಿತು. ಬೀಳಗಿಯ ಈಚೆಗೆ ಆ ಉದ್ದನೆಯ ಏರು ಇದೆಯಲ್ಲ, ಅದರ ಬುಡಕ್ಕೆ ಬರುತ್ತಲೇ ಮುಂದಿನಿಂದ ಹಬೆ ಎದ್ದು ದಾರಿಯೇ ಕಾಣದಾಯಿತು. ಡ್ರೈವರ್ ಮಲಕಾಜಪ್ಪ ಇಳಿದವನೇ ಅವಸರದಲ್ಲಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಕುದಿನೀರು ಚಿಮ್ಮಿ ಅವನ ಅಂಗೈ ಬೆಂದಿತು. ಬುಟ್ಟಿಯಲ್ಲಿದ್ದ ತುಪ್ಪ ಹಚ್ಚಿ ನನ್ನ ಸೆರಗು ಹರಿದು ಕಟ್ಟಿದೆ. ಎಂಜಿನ್ನು ಆರಿ, ಮತ್ತೆ ನೀರು ತುಂಬಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಬಸುರಿಯನ್ನು ಕತ್ತಲಲ್ಲಿ ಕರೆತರುವುದು ಬೇಡವೆಂದು ನಿನ್ನ ಅಪ್ಪ ಗಾಡಿ ತಿರುಗಿಸಿದರು. ಎರಡನೆಯ ಸಲ ದೀಪಾವಳಿಗೆ ಮುಂಚೆ, ಕೊಡಗಟ್ಟಲೆ ನೀರು ಜೊತೆಗಿಟ್ಟುಕೊಂಡೇ ಹೋದೆವು. ಅದೇ ಏರು, ಅದೇ ಹಬೆ. ಅವತ್ತು ನಿನ್ನ ಅಪ್ಪ ಎಂಜಿನ್ನು ಪೂರ್ತಿ ಆರುವವರೆಗೂ ಕಾಯದೆ ಮನೆಯ ಕಡೆ ಹೊರಡಿಸಿದರು.

ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ಒಂದೇ ಮಾತು. "ಕಾಡಸಿದ್ಧೇಶ್ವರನ ಮನಸಿನ್ಯಾಗ ಇಲ್ಲ. ಎರಡ ಸಲ ತಡದಾನ." ಹೆರಿಗೆ ನಿಮ್ಮಲ್ಲೇ ಆಗಲಿ ಎಂದು ಬೀಗರಿಗೆ ಕಾಗದ ಬರೆಯಲು ಕೂತರು. ನಾನು ಮಸಿಯ ದೌತಿ ಎತ್ತಿ ಒಳಗಿಟ್ಟುಬಿಟ್ಟೆ. ಸರಕಾರಿ ಬಸ್ಸು ಓಡುತ್ತದಲ್ಲ, ನಾನೊಬ್ಬಳೇ ಹೋಗಿ ಕರೆತರುತ್ತೇನೆ ಎಂದೂ ಅಂದೆ. ಏಳು ತಿಂಗಳ ಬಸುರಿಯನ್ನು ಆ ಬಸ್ಸಿನಲ್ಲಿ ಕುಲುಕಾಡಿಸಿಕೊಂಡು ಬರುತ್ತೀಯೇನು ಎಂದರು. ಅದು ಖರೆ ಮಾತು. ಆದರೂ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರನ್ನು ಒಳಗೊಳಗೇ ಬೈದುಕೊಂಡೆ. ಆದರೆ ದೇವರ ವಿಷಯದಲ್ಲಿ ಅವರ ಜೊತೆ ವಾದಕ್ಕೆ ಹೋಗಲಿಲ್ಲ. ದೇವರು ತಡೆದನೋ ಬಿಟ್ಟನೋ, ಕುದ್ದದ್ದು ನೀರು ತಾನೆ? ಮೊದಲು ನೀರಿನ ವಿಚಾರ ನೋಡೋಣ ಎಂದುಕೊಂಡು ಮರುದಿನವೇ ಮಲಕಾಜಪ್ಪನ ಕೈಲಿ ಮೋಟಾರನ್ನು ಜಮಖಂಡಿಗೆ ಅಟ್ಟಿದೆ.

ಅಲ್ಲಿ ಪಾಂಡುರಂಗ ಮಿಸ್ತ್ರಿ ಇದ್ದಾನೆ. ಹಿಂದೆ ಸಂಸ್ಥಾನದ ಗಾಡಿಗಳನ್ನು ನೋಡಿಕೊಳ್ಳುತ್ತಿದ್ದವ, ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಅವನು ರೇಡಿಯೇಟರ್ ಬಿಚ್ಚಿ ಬೋರಲು ಹಾಕಿದರೆ ಒಳಗಿನಿಂದ ಸುಣ್ಣದಂಥ ಚಕ್ಕೆಗಳು ಉದುರಿದವಂತೆ. ನಮ್ಮ ಬಾವಿಯ ಸವುಳು ನೀರು ನಿನಗೆ ಗೊತ್ತಲ್ಲ, ಬಚ್ಚಲ ಹಂಡೆಯ ತಳಕ್ಕೆ ಹೇಗೆ ಹಿಡಿಯುತ್ತದೆ! ಮೋಟಾರಿಗೂ ಇಷ್ಟು ವರ್ಷ ಅದನ್ನೇ ಕುಡಿಸಿದ್ದೆವು. ಮಿಸ್ತ್ರಿ ಸೋಡಾಖಾರದ ಬಿಸಿನೀರಿನಲ್ಲಿ ತೊಳೆದ. ಆದರೂ ಒಳಗಿನ ಸಣ್ಣ ನಳಿಗೆಗಳು ಕೆಲವು ತೆರೆಯಲಿಲ್ಲ. ಕಡೆಗೆ ಸೊಲ್ಲಾಪುರದಿಂದ ಹಳೇ ಲಾರಿಯೊಂದರ ಅಗಲವಾದ ರೇಡಿಯೇಟರ್ ತರಿಸಿ, ಮುಂದಿನ ಕಬ್ಬಿಣವನ್ನು ಅದರ ಅಳತೆಗೆ ಕೊಯ್ದು ಬೆಸೆದು ಕೂರಿಸಿದ. ನಾಲ್ಕು ರೆಕ್ಕೆಯ ಫ್ಯಾನು ತೆಗೆದು ಆರು ರೆಕ್ಕೆಯದನ್ನು ಹಾಕಿದ. ರಬ್ಬರಿನ ನಳಿಗೆ, ಬೆಲ್ಟು ಎಲ್ಲ ಹೊಸವು. ಇನ್ನು ಮೇಲೆ ಬಾವಿಯ ನೀರು ಹಾಕಬೇಡಿರೆಂದು ಹೇಳಿ ಕಳಿಸಿದ್ದಾನೆ. ಹೀಗಾಗಿ ಹೊಳೆಯಿಂದ ನೀರು ತರಿಸಿ ಬಟ್ಟೆಯಲ್ಲಿ ಸೋಸಿ ಇಟ್ಟಿದ್ದೇನೆ. ಮನೆಯವರಿಗೆ ಬಾವಿ ನೀರು, ಮೋಟಾರಿಗೆ ಕೃಷ್ಣೆಯ ನೀರು, ಇದು ಈಗ ನಮ್ಮ ಮನೆಯ ಮರ್ಯಾದೆ. ಮಿಸ್ತ್ರಿ ಅಲ್ಲಿಯ ಏರನ್ನು ಹತ್ತಿಸಿ ಇಳಿಸಿ ನೋಡಿದನಂತೆ, ನೀರು ಕುದಿಯುವ ಸುದ್ದಿಯೇ ಇರಲಿಲ್ಲವಂತೆ. ಮಲಕಾಜಪ್ಪ ಇದನ್ನು ಹೇಳಿದಾಗ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಕರೆಯಲು ಹೋಗುವ ಮೊದಲು ಒಮ್ಮೆ ನೋಡಿಬರೋಣ ಎಂದು ನಿನ್ನೆ ಖಾಲಿ ಕೈಯಲ್ಲೇ ಹೊರಟೆವು. ಈ ಸಲ ಏರಿನ ಬುಡ ದಾಟಿತು. ಇನ್ನೇನು ಗೆದ್ದೆವು ಎನ್ನುವಾಗ ಅರ್ಧ ಏರಿನಲ್ಲಿ ಮತ್ತೆ ಸುಂಯ್ ಎಂದು ಹಬೆ. ನನಗೆ ಅಳುವೇ ಬಂತು. ಮಲಕಾಜಪ್ಪ ಈಗ ಬುದ್ಧಿ ಕಲಿತವನು, ಮುಚ್ಚಳ ಮುಟ್ಟದೆ ಚಕ್ರಕ್ಕೆ ಕಲ್ಲು ಕೊಟ್ಟು ದೂರ ಹೋಗಿ ನಿಂತ. ನಿನ್ನ ಅಪ್ಪ ಬೇವಿನ ಮರದ ಕೆಳಗೆ ಹೋಗಿ ಕೂತರು. ನಾ ಹೇಳಿದ್ದಿಲ್ಲೇನು ಎಂದು ಅಂದೇ ಅನ್ನುತ್ತಾರೆ, ಇವತ್ತು ನಾನೂ ಬಿಡುವುದಿಲ್ಲ ಎಂದುಕೊಂಡು ನಾನೂ ಹೋಗಿ ಕೂತೆ. ಅವರು ಅನ್ನಲಿಲ್ಲ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಕರಕೊಂಡ ಬರೂದು ದೊಡ್ಡದಲ್ಲ," ಎಂದರು. "ನೋವು ಬಂದ ದಿನ ಇದು ಹಿಂಗ ನಿಂತ್ರ ನಾ ಏನ ಮಾಡ್ಲಿ?"

ಗುರವ್ವಾ, ನಿನ್ನ ಅಕ್ಕ ರತ್ನಾಬಾಯಿ ತೀರಿಕೊಂಡಾಗ ನೀನು ಸಾಲಿಗೆ ಹೋಗುವ ಹುಡುಗಿ, ನಿನಗೆ ನಾವು ಎಲ್ಲ ಹೇಳಿರಲಿಲ್ಲ. ಅವಳು ಹೆರಿಗೆಗೆಂದು ಬಂದವಳು ನಮ್ಮ ಮನೆಯೊಳಗೆ ಜೀವ ಬಿಡಲಿಲ್ಲ, ಜಮಖಂಡಿಯ ದವಾಖಾನೆಗೆ ಒಯ್ಯುವ ದಾರಿಯಲ್ಲಿ ಬಂಡಿಯೊಳಗೆ ಬಿಟ್ಟಳು. ಸೂಲಗಿತ್ತಿ ತನ್ನ ಕೈಯಲ್ಲಿ ಆಗುವುದಿಲ್ಲ ಎಂದಮೇಲೆ ಬಂಡಿ ಕಟ್ಟಿಸಿದೆವು. ನಿನ್ನ ಅಪ್ಪನೇ ಮುಂದೆ ಕೂತು ಎತ್ತುಗಳನ್ನು ಬಡಿದು ಓಡಿಸಿದರು. ದಾರಿ ಮುಗಿಯಲಿಲ್ಲ. ಎತ್ತುಗಳಿಗೆ ಹಾಗೆ ಹೊಡೆದದ್ದನ್ನು ನಾನು ಅವತ್ತು ಬಿಟ್ಟರೆ ಮತ್ತೆ ಯಾವತ್ತೂ ಕಂಡಿಲ್ಲ. ಆಮೇಲೆ ವರ್ಷ ತುಂಬುವುದರೊಳಗೆ ಮೋಟಾರು ತಂದರು. ಸೀರೆಯ ಗಂಟು ಸಾಗಿಸಲಿಕ್ಕೆ ಎಂದು ಊರಿಗೆಲ್ಲ ಹೇಳಿದರು, ನನಗೂ ಹಾಗೇ ಹೇಳಿದರು, ನಾನೂ ನಂಬಿದ್ದೆ. ನಿನ್ನೆ ಬೇವಿನ ಮರದ ಕೆಳಗೆ ಕೇಳಿದರೆ ಅದನ್ನು ತಂದದ್ದು ನಿನಗೋಸ್ಕರವಂತೆ. ಆಗಿನ್ನೂ ನಿನ್ನ ಮದುವೆಯ ಮಾತೇ ಇರಲಿಲ್ಲ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವ ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ ಅನ್ನುತ್ತಾರಲ್ಲ, ಆ ಮನುಷ್ಯ ಇಷ್ಟು ವರ್ಷ ಹಾಗೆ ಬದುಕಿದ್ದಾರೆ. ನಾನು ಅವರನ್ನು ಹಟಮಾರಿ ಎಂದು ತಿಳಿದಿದ್ದೆ. ನನಗೆ ಬಹಳ ಕೆಟ್ಟದೆನಿಸಿತು.

ಅವರು ಹೇಳುತ್ತಿದ್ದರು, ನಾನು ಕಣ್ಣೊರಸಿಕೊಂಡು ಮೋಟಾರಿನ ಕಡೆ ನೋಡುತ್ತಿದ್ದೆ. ಮುಂದುಗಡೆ ಹಿತ್ತಾಳೆಯ ತಗಡೊಂದು ಫಳಫಳ ಹೊಳೆಯುತ್ತಿತ್ತು. ನೀನು ಅದನ್ನು ನೋಡಿಲ್ಲ. ಮಹಾನವಮಿಯ ಆಯುಧಪೂಜೆಗೆ ಮಾಡಿಸಿದ್ದು, "ಶ್ರೀ ಕಾಡಸಿದ್ಧೇಶ್ವರ ಪ್ರಸನ್ನ" ಎಂದು ಮೊಳದುದ್ದದ ಅಕ್ಷರ. ಬಸುರಿ ಮಗಳು ಕೂರುವ ಗಾಡಿ, ಮುಂದೆ ದೇವರಿರಲಿ ಎಂದು ರೇಡಿಯೇಟರಿನ ಮುಂದೆ ಈ ತುದಿಯಿಂದ ಆ ತುದಿಗೆ ಹಾಕಿಸಿದ್ದರು. ಅದರ ಮೇಲೆ ದಿನಾ ಒಂದು ಹಾರ, ಬಾಡಿದ್ದನ್ನು ತೆಗೆಯದೆ ಅದರ ಮೇಲೇ ಇನ್ನೊಂದು. ಪಂಚಮಿಗೆ ನಿನ್ನನ್ನು ಕರೆತಂದಾಗ ಇದೇ ಮೋಟಾರು ಇದೇ ಏರನ್ನು ಹತ್ತಿತ್ತಲ್ಲ ಎಂದು ಆಗ ನನಗೆ ಹೊಳೆಯಿತು. ಪಂಚಮಿಯಲ್ಲಿ ಈ ತಗಡು ಇರಲಿಲ್ಲ. ಮಲಕಾಜಪ್ಪನನ್ನು ಕರೆದು, ಮಿಸ್ತ್ರಿ ಏರು ಹತ್ತಿಸಿ ನೋಡಿದಾಗ ಇದು ಇತ್ತೋ ಬಿಚ್ಚಿಟ್ಟಿದ್ದರೋ ಎಂದು ಕೇಳಿದೆ. ಅವನು ನಾಲಿಗೆ ಕಚ್ಚಿಕೊಂಡ. ಬಿಚ್ಚಿಟ್ಟಿದ್ದರಂತೆ, ಮನೆಗೆ ತರುವ ಮೊದಲು ಮತ್ತೆ ಹಾಕಿದ್ದರಂತೆ. ಗಾಳಿ ಒಳಗೆ ಹೋಗದಿದ್ದರೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ನೀರು ಆರುವುದಿಲ್ಲ ಎಂದು ಮಿಸ್ತ್ರಿ ಇವನಿಗೆ ಹೇಳಿಯೂ ಇದ್ದನಂತೆ. "ದೇವರ ಹೆಸರಿನ ತಗಡ ತಗೀರಿ ಅಂತ ಸಾವಕಾರ್ರಿಗೆ ಯಾರ ಹೇಳಬೇಕ್ರಿ, ಅವ್ವಾರ?" ಎಂದು ನನ್ನನ್ನೇ ಕೇಳುತ್ತಾನೆ. ಅಂಗೈ ಬೇಯಿಸಿಕೊಂಡರೂ ಬಾಯಿ ಬಿಡಲಿಲ್ಲ, ನೋಡು ಅವನ ಭಕ್ತಿ!

ನಾನು ಹೇಳಿದೆ. ಇನ್ಯಾರು ಹೇಳಬೇಕು? "ಗಾಳಿಗೆ ದಾರಿ ಬಿಡ್ರಿ. ಮೋಟಾರಿನ ಮೂಗ ಮುಚ್ಚಂತ ಸಿದ್ಧೇಶ್ವರ ಹೇಳಿಲ್ಲ. ತಡದಾಂವ ಅವನಲ್ಲ, ನಮ್ಮ ಅಂಜಿಕಿ." ಸಿಟ್ಟಾಗುತ್ತಾರೆಂದೇ ತಿಳಿದಿದ್ದೆ.  ಆದರೆ ನಿನ್ನ ಅಪ್ಪ ಎದ್ದು ಮಲಕಾಜಪ್ಪನಿಂದ ಪಾನಾ ಇಸಿದುಕೊಂಡು ನಟ್ಟುಗಳನ್ನು ತಾವೇ ಬಿಚ್ಚಿದರು. ತಗಡನ್ನು ಕಣ್ಣಿಗೊತ್ತಿಕೊಂಡು, ಹೆಗಲ ವಸ್ತ್ರದಲ್ಲಿ ಸುತ್ತಿ, ಮೋಟಾರಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು.

ಮೋಟಾರು ಹತ್ತಿತು, ಗುರವ್ವಾ. ಗೊಣಗಿಕೊಂಡು, ಆದರೆ ಒಂದು ಚೂರೂ ಹಬೆಯಿಲ್ಲದೆ ಹತ್ತಿತು. ಮೇಲೆ ಹೋಗಿ ನಿನ್ನ ಅಪ್ಪ ಬಾನೆಟ್ಟು ಎತ್ತಿಸಿ ಕಿವಿಗೊಟ್ಟು ಕೇಳಿದರು, ನೀರಿನ ಸಪ್ಪಳವಿಲ್ಲ. ನನಗೆ ಅಲ್ಲಿಂದಲೇ ನಿನ್ನ ಹತ್ತಿರ ಓಡಿಬರಬೇಕೆನಿಸಿತು. ಮಂಗಳವಾರ, ಕುಬಸದ ಸೀರೆಯಿಲ್ಲದೆ ಬರಿಗೈಯಲ್ಲಿ ಹೋಗುವುದೆ ಎಂದು ತಡೆದರು. ತಡೆದವರು ಮನೆಯ ಕಡೆಗಾದರೂ ಹೊರಟರೆ? ಏರನ್ನು ಇಳಿಸಿ ಮತ್ತೆ ಹತ್ತಿಸಿದರು. ಮತ್ತೆ ಇಳಿಸಿ ಮತ್ತೆ ಹತ್ತಿಸಿದರು. ಇವರಿಗೆ ಏನೋ ಬಡಿದಿದೆ ಎಂದು ಕುರಿ ಕಾಯುವವರು ನಿಂತು ನೋಡುತ್ತಿದ್ದರು. ಬರುವಾಗ ಜಮಖಂಡಿಯಲ್ಲಿ ಡಾಕ್ಟರಬಾಯಿಯವರನ್ನು ಕಂಡು ನಿನ್ನ ದಿನಗಳನ್ನು ಹೇಳಿ ಬಂದೆವು. ತಿಂಗಳಿಗೊಮ್ಮೆ ತೋರಿಸಿರಿ, ನೋವು ಶುರುವಾದ ಕೂಡಲೇ ಕರೆತನ್ನಿರಿ, ಕಾಯಬೇಡಿರಿ ಎಂದಿದ್ದಾರೆ. ಮಲಕಾಜಪ್ಪ ಇನ್ನು ನಮ್ಮ ಕಟ್ಟೆಯ ಮೇಲೇ ಮಲಗುತ್ತಾನೆ, ಮೋಟಾರು ರಸ್ತೆಗೆ ಮುಖ ಮಾಡಿ ನಿಂತಿರುತ್ತದೆ. ತಗಡನ್ನು ದೇವರ ಕೋಣೆಯ ಬಾಗಿಲ ಮೇಲೆ ಹಾಕಿಸಿದ್ದಾರೆ. ಮೋಟಾರಿನ ಮುಂದೆ ಒಂದು ನಿಂಬೆಹಣ್ಣು ಕಟ್ಟಲಿಕ್ಕೆ ಮಾತ್ರ ನಾನು ಒಪ್ಪಿಗೆ ಕೊಟ್ಟಿದ್ದೇನೆ.

ಬರುವ ಸೋಮವಾರ ಬೆಳಿಗ್ಗೆ ಬರುತ್ತೇವೆ. ಮಧ್ಯಾಹ್ನದ ಊಟ ನಿಮ್ಮಲ್ಲೇ ಎಂದು ಅತ್ತೆಯವರಿಗೆ ತಿಳಿಸು, ಊಟ ಮುಗಿಸಿ ಹೊತ್ತು ಇರುವಾಗಲೇ ನಿನ್ನನ್ನು ಕರೆದುಕೊಂಡು ಹೊರಡಬೇಕು. ಬೀಗರಿಗೂ ಬೀಗತಿಯವರಿಗೂ ನಮ್ಮ ಶರಣು ಹೇಳು. ಎರಡು ಸಲ ಬಾರದ್ದಕ್ಕೆ ನಾನೇ ಬಂದು ಕೈ ಹಿಡಿದು ಕ್ಷಮೆ ಕೇಳುತ್ತೇನೆ. ಅಳಿಯಂದಿರಿಗೆ ಆಶೀರ್ವಾದ. ನಿನಗೂ ನಿನ್ನ ಹೊಟ್ಟೆಯೊಳಗಿನ ಜೀವಕ್ಕೂ ಸಿದ್ಧೇಶ್ವರ ನೂರು ವರ್ಷದ ಆಯುಷ್ಯ ಕೊಡಲಿ.

ನಿನ್ನ ಹಡೆದವ್ವ

ತಾ. ಕ. ಟಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಸೋಮವಾರ ನಿನ್ನ ಅಪ್ಪ ನಿಮ್ಮ ಪಡಸಾಲೆಯಲ್ಲಿ ಕೂತು ಎಲ್ಲರ ಜೊತೆ ಮಳೆ, ಬೆಳೆ, ನೂಲಿನ ದರ ಎಲ್ಲ ಮಾತಾಡುತ್ತಾರೆ. ನಿನ್ನನ್ನು ಮಾತ್ರ "ಬಾ" ಎಂದು ಕರೆಯಲಾರರು. ರತ್ನಾಳನ್ನು ಹೆರಿಗೆಗೆ ಕರೆತರುವಾಗ ಅವಳ ಅತ್ತೆ ಕಳಿಸಲು ಅನುಮಾನ ಮಾಡಿದ್ದಳು. "ಬಾರವ್ವಾ ತಂಗಿ, ನಮ್ಮ ಮನಿಗೆ ಹೋಗೂಣು" ಎಂದು ಕೈ ಹಿಡಿದು ಎಬ್ಬಿಸಿದವರು ಇವರೇ. ಆ ಮಾತು ಅವರ ಬಾಯಿಗೆ ಮತ್ತೆ ಬರುವುದಿಲ್ಲ. ಕರೆಯಲಿಲ್ಲವೆಂದು ಸಿಟ್ಟು ಮಾಡಿಕೊಂಡು ಒಳಗೆ ಕೂತುಬಿಡಬೇಡ, ನನ್ನವ್ವಾ. ಹಿರಿಯರ ಕಾಲಿಗೆ ಬಿದ್ದು, ನೀನೇ ಹೋಗಿ ಮೋಟಾರು ಹತ್ತಿ ಕೂತು, "ಅಪ್ಪಾ, ನಡೀರಿ ಮನಿಗೆ" ಅನ್ನು. ಅಷ್ಟು ಅಂದರೆ ಸಾಕು ಅವರಿಗೆ.